ಎಡ್ಮಂಟನ್ ಆಯಿಲರ್ಸ್ ಬಗ್ಗೆ ಎಲ್ರೂ ನನ್ನನ್ನ ಪದೇ ಪದೇ ಕೇಳೋ ಪ್ರಶ್ನೆಗಳು

ಬೆಳಿಗ್ಗೆ ಕಾಫಿ ಲೋಟ ಹಿಡ್ಕೊಂಡು ಐಸ್ ಹಾಕಿ ಮ್ಯಾಚ್ ನೋಡ್ತಾ ಕೂರೋದು ನನಗೆ ಸುಮಾರು ವರ್ಷದ ಅಭ್ಯಾಸ. ಚಿಕ್ಕಪ್ಪನ ಮಗ ಕೆಲಸಕ್ಕೆ ಅಂತ ಕೆನಡಾಗೆ ಹೋದ, ರಜಕ್ಕೆ ಬಂದಾಗ ಒಂದು ನೀಲಿ-ಕಿತ್ತಳೆ ಜೆರ್ಸಿ ತಂದುಕೊಟ್ಟ, ಅವತ್ತು ಹಿಡಿದಿದ್ದು ಇನ್ನೂ ಬಿಟ್ಟಿಲ್ಲ. ಮನೆಗೆ ಬಂದ ನೆಂಟರು, ಆಫೀಸಲ್ಲಿ ಜೊತೆಗಿರೋರು, ಆ ಜೆರ್ಸಿ ನೋಡಿದ ಪಕ್ಕದ್ಮನೆ ಹುಡುಗರು ಎಲ್ರೂ ಹೆಚ್ಚುಕಮ್ಮಿ ಇವನ್ನೇ ಕೇಳ್ತಾರೆ. ಅದಕ್ಕೆ ಎಲ್ಲಾ ಒಂದೇ ಕಡೆ ಬರೆದಿಡ್ತಾ ಇದೀನಿ.

ಇದು ಯಾವ ಊರಿನ ಟೀಮು? ಹೆಸರಲ್ಲಿ ಎಣ್ಣೆ ಯಾಕೆ?

ಕೆನಡಾದ ಆಲ್ಬರ್ಟಾ ಪ್ರಾಂತ್ಯದ ರಾಜಧಾನಿ ಎಡ್ಮಂಟನ್. ಊರು ಉತ್ತರಕ್ಕಿದೆ, ಚಳಿಗಾಲದಲ್ಲಿ ಮೈನಸ್ 20, ಮೈನಸ್ 30 ಡಿಗ್ರಿ ಅಂದ್ರೆ ಅಲ್ಲಿನೋರಿಗೆ ಮಾಮೂಲು. ಎಣ್ಣೆ ಅಂದ್ರೆ ಇಲ್ಲಿ ಕಚ್ಚಾತೈಲ. 1947ರ ಫೆಬ್ರವರಿಯಲ್ಲಿ ಎಡ್ಮಂಟನ್‌ನಿಂದ ದಕ್ಷಿಣಕ್ಕೆ ಲೆಡ್ಯೂಕ್ ಅನ್ನೋ ಕಡೆ ದೊಡ್ಡ ತೈಲ ನಿಕ್ಷೇಪ ಸಿಕ್ತು, ಅದಕ್ಕೂ ಮುಂಚೆ ಆ ಕಂಪನಿ ನೂರಕ್ಕೂ ಜಾಸ್ತಿ ಬಾವಿ ಕೊರೆದು ಏನೂ ಸಿಗದೆ ಸೋತಿತ್ತು, ನಮ್ಮ ಕಡೆ ಬೋರ್ ಮೇಲೆ ಬೋರ್ ಫೇಲ್ ಆದ ರೈತನ ಪರಿಸ್ಥಿತಿ ನೆನಪು ಮಾಡ್ಕೊಳ್ಳಿ, ಗೊತ್ತಾಗುತ್ತೆ. ಆ ಒಂದು ಬಾವಿ ಇಡೀ ಪ್ರಾಂತ್ಯದ ಹಣೆಬರಹ ಬದಲಾಯಿಸ್ತು. ಆಯಿಲರ್ಸ್ ಅಂದ್ರೆ ಆ ಎಣ್ಣೆ ಬಾವಿಗಳಲ್ಲಿ ದುಡಿಯೋ ಜನ.

ಹಾಕಿ ಅಂದ್ರೆ ನಮ್ಮ ಕೊಡಗಿನ ಹಾಕಿ ತರಾನೇನಾ?

ಕೋಲು, ಗೋಲು ಎರಡೂ ಇದೆ, ಅಲ್ಲಿಗೆ ಹೋಲಿಕೆ ಮುಗೀತು. ಆಡೋದು ಐಸ್ ಮೇಲೆ, ಕಾಲಲ್ಲಿ ಸ್ಕೇಟ್ಸ್. ಚೆಂಡಿನ ಬದಲು ಪಕ್, ಅಂದ್ರೆ ಸುಮಾರು 170 ಗ್ರಾಂ ತೂಕದ ಗಟ್ಟಿ ರಬ್ಬರ್ ಬಿಲ್ಲೆ. ಒಂದು ಟೀಮಿಂದ ಐದು ಜನ ಪ್ಲಸ್ ಗೋಲ್‌ಕೀಪರ್. 20 ನಿಮಿಷದ ಮೂರು ಪೀರಿಯಡ್. ಆಟಗಾರರು ಒಂದು ಸಲಕ್ಕೆ ಮುಕ್ಕಾಲು ನಿಮಿಷ ಜೀವ ಬಿಟ್ಟು ಓಡಿ ಬೆಂಚಿಗೆ ವಾಪಸ್ ಬರ್ತಾರೆ, ಆಟ ನಿಲ್ಲೋದೇ ಇಲ್ಲ, ನಡೀತಿರುವಾಗಲೇ ಬೇರೆಯವರು ಇಳೀತಾರೆ. ಮೊದಲ ಸಲ ನೋಡಿದವರಿಗೆ ಪಕ್ ಎಲ್ಲಿದೆ ಅಂತಾನೇ ಕಾಣಲ್ಲ, ನಾಲ್ಕೈದು ಮ್ಯಾಚ್ ಆದ್ಮೇಲೆ ಕಣ್ಣು ಪಳಗುತ್ತೆ, ದಯವಿಟ್ಟು ಮೊದಲನೇ ದಿನವೇ ಬಿಟ್ಟುಬಿಡಬೇಡಿ.

ಇನ್ನೊಂದು ತಿಳ್ಕೊಂಡ್ರೆ ಮುಂದಿನ ಅಂಕಿಗಳೆಲ್ಲಾ ಅರ್ಥ ಆಗುತ್ತೆ. ಗೋಲ್ ಹೊಡೆದವನಿಗೆ ಒಂದು ಪಾಯಿಂಟು, ಅದಕ್ಕೆ ಪಾಸ್ ಕೊಟ್ಟ ಹೆಚ್ಚಂದ್ರೆ ಇಬ್ರಿಗೆ ಒಂದೊಂದು ಪಾಯಿಂಟು, ಇದಕ್ಕೆ ಅಸಿಸ್ಟ್ ಅಂತಾರೆ. ದೊಡ್ಡ ಲೀಗಿನ ಹೆಸರು ಎನ್‌ಎಚ್‌ಎಲ್. 2025-26ರವರೆಗೆ ಒಂದು ಟೀಮಿಗೆ ಸೀಸನ್ನಿಗೆ 82 ಮ್ಯಾಚ್ (ಎಂಬತ್ತರ ದಶಕದಲ್ಲಿ 80 ಇತ್ತು), ಆಮೇಲೆ 16 ಟೀಮಿನ ಪ್ಲೇಆಫ್, ಪ್ರತಿ ಸುತ್ತಲ್ಲೂ ಏಳು ಮ್ಯಾಚಲ್ಲಿ ನಾಲ್ಕು ಗೆಲ್ಲಬೇಕು. ಕೊನೇಲಿ ಗೆದ್ದವರಿಗೆ ಸ್ಟ್ಯಾನ್ಲಿ ಕಪ್.

ಟೀಮ್ ಶುರುವಾಗಿದ್ದು ಹೇಗೆ?

1972ರಲ್ಲಿ ಎನ್‌ಎಚ್‌ಎಲ್‌ಗೆ ಪೈಪೋಟಿಯಾಗಿ ಡಬ್ಲ್ಯೂಎಚ್‌ಎ ಅಂತ ಇನ್ನೊಂದು ಲೀಗ್ ಹುಟ್ಕೊಳ್ತು. ಎಡ್ಮಂಟನ್‌ನಲ್ಲಿ ಬಿಲ್ ಹಂಟರ್ ಅನ್ನೋ ಹಟಮಾರಿ ಮನುಷ್ಯ ಅದರಲ್ಲಿ ಟೀಮ್ ಕಟ್ಟಿದ. ಮೊದಲ ವರ್ಷ ಹೆಸರು ಆಲ್ಬರ್ಟಾ ಆಯಿಲರ್ಸ್, ಮುಂದಿನ ವರ್ಷ ಎಡ್ಮಂಟನ್ ಆಯಿಲರ್ಸ್ ಆಯ್ತು. 1974ರಲ್ಲಿ ನಾರ್ತ್‌ಲ್ಯಾಂಡ್ಸ್ ಕೊಲಿಸಿಯಂ ಅನ್ನೋ ದೊಡ್ಡ ರಿಂಕ್ (ಐಸ್ ಹಾಕಿ ಆಡೋ ಜಾಗ) ಬಂತು. ಆಮೇಲೆ ಪೀಟರ್ ಪಾಕ್ಲಿಂಗ್ಟನ್ ಅನ್ನೋ ಬಿಸಿನೆಸ್‌ಮನ್ ಟೀಮ್ ಕೊಂಡ. ಈ ಹೆಸರು ನೆನಪಲ್ಲಿ ಇಟ್ಕೊಳ್ಳಿ, ಮುಂದೆ ಬರುತ್ತೆ.

ಡಬ್ಲ್ಯೂಎಚ್‌ಎ ದುಡ್ಡಿಲ್ಲದೆ 1979ರಲ್ಲಿ ಮುಚ್ಚಿಹೋಯ್ತು. ಅದರಿಂದ ನಾಲ್ಕೇ ಟೀಮನ್ನ ಎನ್‌ಎಚ್‌ಎಲ್ ಒಳಗೆ ಬಿಟ್ಕೊಂಡ್ರು: ಎಡ್ಮಂಟನ್, ವಿನ್ನಿಪೆಗ್, ಕ್ವಿಬೆಕ್, ಹಾರ್ಟ್‌ಫರ್ಡ್. ಆ ನಾಲ್ಕರಲ್ಲಿ ಸೇರಿದಾಗಿನಿಂದ ಇವತ್ತಿನವರೆಗೂ ಊರು ಬಿಡದೆ ಇರೋದು ಎಡ್ಮಂಟನ್ ಒಂದೇ. ಕ್ವಿಬೆಕ್ ಟೀಮ್ ಕೊಲರಾಡೋಗೆ, ವಿನ್ನಿಪೆಗ್ ಟೀಮ್ ಫೀನಿಕ್ಸ್‌ಗೆ, ಹಾರ್ಟ್‌ಫರ್ಡ್ ಟೀಮ್ ಕ್ಯಾರೊಲಿನಾಗೆ ಹೋಯ್ತು.

ಐಸ್ ಹಾಕಿಯ ಅತಿ ದೊಡ್ಡ ಆಟಗಾರ ಅಂತಾರಲ್ಲ, ಆ ವೇಯ್ನ್ ಗ್ರೆಟ್ಸ್ಕಿ ಇವರ ಕೈಗೆ ಸಿಕ್ಕಿದ್ದು ಹೇಗೆ?

ಅದೃಷ್ಟ ಅಂದ್ರೆ ಅದೇ. 1978ರಲ್ಲಿ ಗ್ರೆಟ್ಸ್ಕಿಗೆ 17 ವರ್ಷ, ಡಬ್ಲ್ಯೂಎಚ್‌ಎಯ ಇಂಡಿಯಾನಾಪೊಲಿಸ್ ರೇಸರ್ಸ್ ಟೀಮಿಗೆ ಬರೀ 8 ಮ್ಯಾಚ್ ಆಡಿದ್ದ, ಆ ಟೀಮಿನ ಓನರ್ ಕೈ ಖಾಲಿಯಾಗಿತ್ತು, ನವೆಂಬರ್ 2ಕ್ಕೆ ಗ್ರೆಟ್ಸ್ಕಿ ಜೊತೆ ಇನ್ನಿಬ್ಬರನ್ನ ಪಾಕ್ಲಿಂಗ್ಟನ್‌ಗೆ ಮಾರಿಬಿಟ್ಟ. 1979ರ ಜನವರಿ 26, ಹುಡುಗನ 18ನೇ ಹುಟ್ಟುಹಬ್ಬ, ಅವತ್ತು ರಿಂಕ್ ಮಧ್ಯದಲ್ಲಿ ಐಸ್ ಮೇಲೆ ನಿಲ್ಲಿಸಿ ಎಲ್ಲರ ಮುಂದೆ 21 ವರ್ಷದ ಕಾಂಟ್ರ್ಯಾಕ್ಟ್‌ಗೆ ಸೈನ್ ಹಾಕಿಸಿದ್ರು. 21 ವರ್ಷ! ಆದ್ರೆ ಆ ಕಾಂಟ್ರ್ಯಾಕ್ಟ್ ಇದ್ದಿದ್ದು ಟೀಮ್ ಜೊತೆ ಅಲ್ಲ, ಪಾಕ್ಲಿಂಗ್ಟನ್ ಜೊತೆ. ಹಂಗಾಗಿ ಟೀಮ್ ಎನ್‌ಎಚ್‌ಎಲ್‌ಗೆ ಸೇರುವಾಗ ಉಳಿದ ಆಟಗಾರರನ್ನ ಕಿತ್ಕೊಂಡ ಹಾಗೆ ಇವನನ್ನ ಕಿತ್ಕೊಳ್ಳೋಕೆ ಯಾರಿಗೂ ಆಗ್ಲಿಲ್ಲ.

ಅವನು ನಿಜವಾಗ್ಲೂ ಅಷ್ಟು ದೊಡ್ಡ ಆಟಗಾರನಾ?

ಹೌದು. ನೋಡೋಕೆ ಸಣಕಲು, ಸ್ಪೀಡಲ್ಲೂ ಬಲದಲ್ಲೂ ಎಲ್ಲರಿಗಿಂತ ಮುಂದಿರಲಿಲ್ಲ, ಜೆರ್ಸಿ ಬಲಗಡೆ ತುದಿ ಯಾವಾಗ್ಲೂ ಪ್ಯಾಂಟಿನೊಳಗೆ ಸಿಗಿಸ್ಕೊಂಡಿರ್ತಿದ್ದ. ಎದುರಾಳಿ ಗೋಲ್ ಪೋಸ್ಟಿನ ಹಿಂದೆ ಹೋಗಿ ನಿಂತು ಅಲ್ಲಿಂದ ಪಾಸ್ ಕೊಡೋನು, ಗೋಲ್‌ಕೀಪರ್ ಆ ಕಡೆ ನೋಡ್ಬೇಕಾ ಈ ಕಡೆ ನೋಡ್ಬೇಕಾ ಗೊತ್ತಾಗದೆ ಒದ್ದಾಡ್ತಿದ್ದ, ಆ ಜಾಗಕ್ಕೇ ಗ್ರೆಟ್ಸ್ಕಿ ಆಫೀಸ್ ಅಂತ ಹೆಸರು ಬಿತ್ತು.

ಒಂದು ಸೀಸನ್ನಲ್ಲಿ 50 ಗೋಲ್ ಹೊಡೆದ್ರೆ ಇವತ್ತಿಗೂ ದೊಡ್ಡ ಸುದ್ದಿ. 50 ಮ್ಯಾಚಲ್ಲಿ 50 ಗೋಲ್ ಹೊಡೆದವರನ್ನ ಆಗ ದೇವರ ತರ ನೋಡ್ತಿದ್ರು. ಗ್ರೆಟ್ಸ್ಕಿ 1981ರ ಡಿಸೆಂಬರ್ 30ಕ್ಕೆ ಫಿಲಡೆಲ್ಫಿಯಾ ಮೇಲೆ ಒಂದೇ ಮ್ಯಾಚಲ್ಲಿ ಐದು ಹೊಡೆದು 39ನೇ ಮ್ಯಾಚಿಗೇ 50 ಮುಟ್ಟಿಸಿದ. ಆ ಸೀಸನ್ 92 ಗೋಲು, 212 ಪಾಯಿಂಟು. 1985-86ರಲ್ಲಿ 215 ಪಾಯಿಂಟು, ಅದರಲ್ಲಿ 163 ಅಸಿಸ್ಟ್. ಒಂದು ಸೀಸನ್ನಲ್ಲಿ 200 ದಾಟಿದವರು ಲೀಗಿನ ಇತಿಹಾಸದಲ್ಲೇ ಇನ್ನೊಬ್ಬರಿಲ್ಲ, ಇವನು ನಾಲ್ಕು ಸಲ ದಾಟಿದ. ಒಟ್ಟು 894 ಗೋಲಿನ ದಾಖಲೆಯನ್ನ 2025ರ ಏಪ್ರಿಲ್‌ನಲ್ಲಿ ಅಲೆಕ್ಸ್ ಒವೆಚ್ಕಿನ್ ಮುರಿದ, ಆದ್ರೆ 2,857 ಪಾಯಿಂಟಿನ ಹತ್ರ ಯಾರೂ ಸುಳಿದಿಲ್ಲ. ಅಸಿಸ್ಟ್ ಮಾತ್ರ ಲೆಕ್ಕ ಹಾಕಿದ್ರೂ ಬೇರೆ ಯಾರ ಗೋಲು-ಅಸಿಸ್ಟ್ ಎರಡೂ ಸೇರಿದ್ರೂ ಅಷ್ಟಾಗಲ್ಲ. ಬ್ರಾಡ್‌ಮನ್‌ನ 99.94 ಸರಾಸರಿ ನೋಡಿದಾಗ ನಮಗೆ ಏನನ್ಸುತ್ತೋ ಇದು ಹಂಗೇ, ಮತ್ತೆ ಇವನ ಜೆರ್ಸಿ ನಂಬರ್ರೂ 99.

ಬರೀ ಗ್ರೆಟ್ಸ್ಕಿನಾ, ಬೇರೆ ಯಾರೂ ಇರ್ಲಿಲ್ವಾ?

ಈ ಪ್ರಶ್ನೆ ಕೇಳಿದ್ರೆ ನನಗೆ ಖುಷಿ, ಯಾಕಂದ್ರೆ ಈ ಟೀಮಿನ ನಿಜವಾದ ಕಥೆ ಇದೇ. ಕೋಚ್ ಮತ್ತು ಜನರಲ್ ಮ್ಯಾನೇಜರ್ ಎರಡೂ ಆಗಿದ್ದ ಗ್ಲೆನ್ ಸೇದರ್ ಮತ್ತು ಹುಡುಗರನ್ನ ಹುಡುಕಿ ತರೋ ಅವನ ಸ್ಕೌಟ್‌ಗಳು ಮೂರೇ ಡ್ರಾಫ್ಟಲ್ಲಿ (ಡ್ರಾಫ್ಟ್ ಅಂದ್ರೆ ಪ್ರತಿ ವರ್ಷ ಹೊಸ ಹುಡುಗರನ್ನ ಟೀಮುಗಳು ಸರದಿ ಪ್ರಕಾರ ಆರಿಸ್ಕೊಳ್ಳೋದು) ಒಂದು ಸಾಮ್ರಾಜ್ಯ ಕಟ್ಟಿದ್ರು. 1979ರಲ್ಲಿ 21ನೇ ನಂಬರಿಗೆ ಕೆವಿನ್ ಲೋ, 48ಕ್ಕೆ ಮಾರ್ಕ್ ಮೆಸಿಯರ್, 69ಕ್ಕೆ ಗ್ಲೆನ್ ಆಂಡರ್ಸನ್. 1980ರಲ್ಲಿ 6ಕ್ಕೆ ಪಾಲ್ ಕಾಫಿ, ಮತ್ತೆ 69ಕ್ಕೇ ಫಿನ್ಲೆಂಡಿನ ಯಾರಿ ಕುರ್ರಿ. 1981ರಲ್ಲಿ 8ಕ್ಕೆ ಗೋಲ್‌ಕೀಪರ್ ಗ್ರ್ಯಾಂಟ್ ಫ್ಯೂರ್. ಈ ಆರು ಜನರೂ ಇವತ್ತು ಹಾಲ್ ಆಫ್ ಫೇಮಲ್ಲಿ (ಹಾಕಿ ದಿಗ್ಗಜರ ಗೌರವ ಪಟ್ಟಿ) ಇದ್ದಾರೆ. 69ನೇ ನಂಬರಿಗೆ ಸಿಕ್ಕವರು ಅಂದ್ರೆ ಬೇರೆ ಟೀಮುಗಳು ಎರಡೆರಡು ಮೂರು ಮೂರು ಸುತ್ತು ಬೇಡ ಅಂತ ಬಿಟ್ಟ ಹುಡುಗರು!

ಮೆಸಿಯರ್ ಎಡ್ಮಂಟನ್ನಲ್ಲೇ ಹುಟ್ಟಿದವನು, ಕಣ್ಣು ಬಿಟ್ಟು ನೋಡಿದ್ರೆ ಎದುರಾಳಿ ಹೆದರೋನು. ಕಾಫಿ ಡಿಫೆನ್ಸ್ ಆಡೋನು, ಆದ್ರೂ 1985-86ರಲ್ಲಿ 48 ಗೋಲ್ ಹೊಡೆದ, ಡಿಫೆನ್ಸ್ ಆಟಗಾರನ ಮಟ್ಟಿಗೆ ಅದು ಇನ್ನೂ ದಾಖಲೆ. ಕುರ್ರಿ 1984-85ರಲ್ಲಿ 71 ಗೋಲು. ಫ್ಯೂರ್ ಎಡ್ಮಂಟನ್ ಪಕ್ಕದ ಸ್ಪ್ರೂಸ್ ಗ್ರೋವ್ ಊರಿನವನು, ಹಾಲ್ ಆಫ್ ಫೇಮಿಗೆ ಹೋದ ಮೊದಲ ಕಪ್ಪುವರ್ಣೀಯ ಆಟಗಾರ. ಎಲ್ಲಾ ಇಪ್ಪತ್ತು ಇಪ್ಪತ್ತೆರಡರ ಹುಡುಗರು, ಒಟ್ಟಿಗೇ ಬೆಳೆದವರು. ಗ್ರೆಟ್ಸ್ಕಿ ಮತ್ತೆ ಲೋ ಒಂದೇ ಅಪಾರ್ಟ್‌ಮೆಂಟಲ್ಲಿ ರೂಮ್‌ಮೇಟ್ಸ್ ಆಗಿದ್ರು, ಎನ್‌ಎಚ್‌ಎಲ್‌ನಲ್ಲಿ ಆಯಿಲರ್ಸ್ ಮೊದಲ ಗೋಲ್ ಹೊಡೆದಿದ್ದು ಲೋ, ಪಾಸ್ ಗ್ರೆಟ್ಸ್ಕಿದು. 1983-84ರಲ್ಲಿ ಈ ಟೀಮ್ 80 ಮ್ಯಾಚಲ್ಲಿ 446 ಗೋಲ್ ಹೊಡೀತು, ಲೀಗಲ್ಲಿ ಅದನ್ನ ಇನ್ನೂ ಯಾರೂ ಮುಟ್ಟಿಲ್ಲ.

ಕಪ್ ಎಷ್ಟು ಗೆದ್ದಿದ್ದಾರೆ?

ಐದು. 1984, 1985, 1987, 1988, 1990. ಏಳು ವರ್ಷದಲ್ಲಿ ಐದು.

ಸುಲಭಕ್ಕೇನೂ ಬರ್ಲಿಲ್ಲ. 1982ರಲ್ಲಿ ಲಾಸ್ ಏಂಜಲೀಸ್ ಮೇಲೆ ಒಂದು ಮ್ಯಾಚಲ್ಲಿ 5-0 ಮುಂದಿದ್ದು ಓವರ್‌ಟೈಮಲ್ಲಿ (ಸಮ ಆದಾಗ ಆಡೋ ಹೆಚ್ಚುವರಿ ಆಟ) 6-5 ಸೋತು, ಸರಣಿಯನ್ನೂ ಸೋತ್ರು. 1983ರ ಫೈನಲ್‌ನಲ್ಲಿ ನ್ಯೂಯಾರ್ಕ್ ಐಲ್ಯಾಂಡರ್ಸ್ ಇವರನ್ನ 4-0 ಹೊಡೆದು ಕಳಿಸಿದ್ರು. ಸೋತ ಮೇಲೆ ಗ್ರೆಟ್ಸ್ಕಿ, ಲೋ ಇಬ್ರೂ ಐಲ್ಯಾಂಡರ್ಸ್ ಡ್ರೆಸ್ಸಿಂಗ್ ರೂಮ್ ಮುಂದೆ ಹಾದು ಹೋಗ್ಬೇಕಿತ್ತು, ಒಳಗೆ ಕುಣಿತಿರ್ತಾರೆ, ಮುಖ ತೋರ್ಸೋದು ಹೆಂಗೆ ಅಂತ ಅಳುಕ್ಕೊಂಡೇ ಹೋದ್ರೆ ಅಲ್ಲಿ ಗೆದ್ದವರು ಮಂಡಿಗೆ ಭುಜಕ್ಕೆ ಐಸ್ ಕಟ್ಕೊಂಡು ನರಳ್ತಾ ಕೂತಿದ್ರಂತೆ. ಗೆಲ್ಲೋಕೆ ಎಷ್ಟು ಸವೆಯಬೇಕು ಅಂತ ಅವತ್ತು ಗೊತ್ತಾಯ್ತು ಅಂತ ಗ್ರೆಟ್ಸ್ಕಿ ಎಷ್ಟೋ ಸಲ ಹೇಳಿದ್ದಾನೆ. ಮುಂದಿನ ವರ್ಷ ಅದೇ ಐಲ್ಯಾಂಡರ್ಸ್‌ನ 4-1 ಸೋಲಿಸಿ ಮೊದಲ ಕಪ್ ಎತ್ತಿದ್ರು.

ಕಪ್ ಮೇಲೆ ಗೆದ್ದವರ ಹೆಸರು ಕೆತ್ತುತಾರೆ. 1984ರ ಪಟ್ಟಿಯಲ್ಲಿ ಪಾಕ್ಲಿಂಗ್ಟನ್ ತನ್ನ ಅಪ್ಪನ ಹೆಸರೂ ಸೇರಿಸಿಬಿಟ್ಟಿದ್ದ. ಲೀಗಿನವರು ಅದರ ಮೇಲೆ ಸಾಲಾಗಿ ಎಕ್ಸ್ ಎಕ್ಸ್ ಎಕ್ಸ್ ಅಂತ ಹೊಡೆಸಿದ್ರು, ಇವತ್ತಿಗೂ ಕಾಣುತ್ತೆ. 1988ರದ್ದು ಇನ್ನೊಂದು ಕಥೆ, ಬಾಸ್ಟನ್ನಿನ ಹಳೇ ರಿಂಕಲ್ಲಿ ಸ್ಕೋರ್ 3-3 ಇದ್ದಾಗ ಕರೆಂಟ್ ಹೋಗಿ ಮ್ಯಾಚೇ ನಿಂತುಹೋಯ್ತು, ಎರಡು ದಿನ ಆದ್ಮೇಲೆ ಎಡ್ಮಂಟನ್ನಲ್ಲಿ ಗೆದ್ದು ಮುಗಿಸಿದ್ರು. ಅವತ್ತು ಗ್ರೆಟ್ಸ್ಕಿ ಎಲ್ಲರನ್ನೂ, ಸಿಬ್ಬಂದಿಯವರನ್ನೂ ಸೇರಿಸಿ ಐಸ್ ಮೇಲೇ ಕೂರಿಸಿ ಕಪ್ ಜೊತೆ ಫೋಟೋ ತೆಗೆಸಿದ. ಆಮೇಲಿಂದ ಗೆದ್ದ ಟೀಮುಗಳೆಲ್ಲಾ ಹಂಗೇ ಮಾಡ್ತಾವೆ.

1986ರಲ್ಲಿ ಏನಾಯ್ತು? ಸ್ಟೀವ್ ಸ್ಮಿತ್ ಅಂದ್ರೆ ಯಾರು?

ಪಕ್ಕದ ಊರು ಕ್ಯಾಲ್ಗರಿ, ಅಲ್ಲಿನ ಟೀಮ್ ಫ್ಲೇಮ್ಸ್. ಇಬ್ಬರಿಗೂ ಎಣ್ಣೆ-ಸೀಗೆಕಾಯಿ ಸಂಬಂಧ. 1986ರ ಏಪ್ರಿಲ್ 30, ಇವರಿಬ್ಬರ ಪ್ಲೇಆಫ್ ಸರಣಿಯ ಏಳನೇ ಮ್ಯಾಚ್, ಮೂರನೇ ಪೀರಿಯಡ್, ಸ್ಕೋರ್ 2-2. ಸ್ಟೀವ್ ಸ್ಮಿತ್ ಅನ್ನೋ ಹೊಸ ಡಿಫೆನ್ಸ್ ಹುಡುಗ ತನ್ನ ಗೋಲ್ ಪಕ್ಕದಿಂದ ಆ ಕಡೆಗೆ ಉದ್ದಕ್ಕೆ ಪಾಸ್ ಕೊಡೋಕೆ ಹೋದ, ಪಕ್ ಗ್ರ್ಯಾಂಟ್ ಫ್ಯೂರ್ ಕಾಲಿಗೆ ತಾಗಿ ತಮ್ಮದೇ ಗೋಲಿಗೆ ಹೋಗಿಬಿಡ್ತು. ಅಲ್ಲೇ ಐಸ್ ಮೇಲೆ ಮಕಾಡೆ ಬಿದ್ದುಬಿಟ್ಟ. ಅವತ್ತು ಅವನ 23ನೇ ಹುಟ್ಟುಹಬ್ಬ. ಟೀಮ್ 3-2 ಸೋತು ಹೊರಗೆ ಹೋಯ್ತು. ಅವನು ಅಳ್ತಾ ಅಳ್ತಾನೇ ಪತ್ರಕರ್ತರ ಮುಂದೆ ಬಂದು ನಿಂತು ಕೇಳಿದ್ದಕ್ಕೆಲ್ಲಾ ಉತ್ತರ ಕೊಟ್ಟ, ಬಚ್ಚಿಟ್ಕೊಳ್ಳಲಿಲ್ಲ.

ಮುಂದಿನ ವರ್ಷ, 1987, ಫಿಲಡೆಲ್ಫಿಯಾ ಜೊತೆ ಫೈನಲ್ ಏಳು ಮ್ಯಾಚ್ ನಡೆದು ಆಯಿಲರ್ಸ್ ಗೆದ್ರು. ಪದ್ಧತಿ ಪ್ರಕಾರ ಕ್ಯಾಪ್ಟನ್ ಕೈಗೆ ಕಪ್ ಕೊಡ್ತಾರೆ, ಅವನು ಒಂದು ಸುತ್ತು ಹಾಕಿ ತನಗೆ ಬೇಕಾದವರಿಗೆ ದಾಟಿಸ್ತಾನೆ, ಆ ಎರಡನೇ ಕೈ ಯಾರದ್ದು ಅನ್ನೋದು ದೊಡ್ಡ ಗೌರವ. ಗ್ರೆಟ್ಸ್ಕಿ ಮೆಸಿಯರ್‌ಗೆ ಕೊಡಬಹುದಿತ್ತು, ಕುರ್ರಿಗೆ ಕೊಡಬಹುದಿತ್ತು, ರೂಮ್‌ಮೇಟ್ ಆಗಿದ್ದ ಲೋಗೆ ಕೊಡಬಹುದಿತ್ತು. ಸ್ಟೀವ್ ಸ್ಮಿತ್‌ನ ಹುಡುಕಿ ಅವನ ಕೈಗೆ ಕೊಟ್ಟ. ನಾನು ಈ ವಿಡಿಯೋ ಎಷ್ಟು ಸಲ ನೋಡಿದೀನೋ ಲೆಕ್ಕ ಇಟ್ಟಿಲ್ಲ, 92 ಗೋಲು, 215 ಪಾಯಿಂಟು ಎಲ್ಲಾ ಒಂದು ತೂಕ ಆದ್ರೆ ನನ್ನ ಮಟ್ಟಿಗೆ ಇದೇ ಒಂದು ತೂಕ.

ಅಂಥವನನ್ನ ಯಾಕೆ ಮಾರಿದ್ರು?

ದುಡ್ಡು. 1988ರ ಮೇ ತಿಂಗಳಲ್ಲಿ ನಾಲ್ಕನೇ ಕಪ್ಪು, ಜುಲೈನಲ್ಲಿ ಗ್ರೆಟ್ಸ್ಕಿ ಎಡ್ಮಂಟನ್ನಲ್ಲೇ ಮದುವೆಯಾದ, ಇಡೀ ಊರು ತಮ್ಮ ಮನೆ ಮದುವೆ ತರ ಸಂಭ್ರಮ ಪಟ್ಟಿತ್ತು. ಒಂದು ತಿಂಗಳೂ ಕಳೀಲಿಲ್ಲ, ಆಗಸ್ಟ್ 9ಕ್ಕೆ ಗ್ರೆಟ್ಸ್ಕಿ, ಮಾರ್ಟಿ ಮೆಕ್‌ಸೋರ್ಲಿ, ಮೈಕ್ ಕ್ರುಶೆಲ್ನಿಸ್ಕಿ ಮೂರು ಜನರನ್ನ ಲಾಸ್ ಏಂಜಲೀಸ್ ಕಿಂಗ್ಸ್‌ಗೆ ಕೊಟ್ರು. ಬದಲಿಗೆ ಬಂದಿದ್ದು ಜಿಮ್ಮಿ ಕಾರ್ಸನ್, ಮಾರ್ಟಿನ್ ಜೆಲಿನಾ, ಮೂರು ಮೊದಲ ಸುತ್ತಿನ ಡ್ರಾಫ್ಟ್ ಅವಕಾಶ, ಅದರ ಮೇಲೆ 1.5 ಕೋಟಿ ಡಾಲರ್ ನಗದು. ಪಾಕ್ಲಿಂಗ್ಟನ್‌ನ ಬೇರೆ ವ್ಯವಹಾರಗಳಿಗೆ ಹಣ ಬೇಕಿತ್ತು.

ಪ್ರೆಸ್ ಮೀಟಲ್ಲಿ ಗ್ರೆಟ್ಸ್ಕಿ, ಅಳಲ್ಲ ಅಂತ ಮೆಸಿಯರ್‌ಗೆ ಮಾತು ಕೊಟ್ಟಿದ್ದೆ ಅಂತ ಹೇಳ್ತಾನೇ ಕಣ್ಣೀರು ಒರೆಸ್ಕೊಂಡ. ಕೆನಡಾ ಸಂಸತ್ತಿನ ಸದಸ್ಯರೊಬ್ಬರು ಸರ್ಕಾರ ಈ ಟ್ರೇಡ್ ತಡೀಬೇಕು ಅಂತ ಕೇಳಿದ್ರು. ಕ್ಯಾಲಿಫೋರ್ನಿಯಾದಂಥ ಬಿಸಿಲೂರಲ್ಲಿ ಮಕ್ಕಳು ಐಸ್ ಹಾಕಿ ಕಲಿಯೋಕೆ ಶುರು ಮಾಡಿದ್ದು ಈ ಟ್ರೇಡಿಂದ, ಆಟಕ್ಕೆ ಒಳ್ಳೇದೇ ಆಯ್ತು ಅಂತ ವಾದ ಮಾಡೋರು ಇದ್ದಾರೆ. ಇರಬಹುದು. ಆದ್ರೆ ಒಟ್ಟಿಗೆ ಬೆಳೆದ ಹುಡುಗರ ಗುಂಪನ್ನ ಅದರ ಯೌವನದಲ್ಲೇ ಒಡೆದುಹಾಕಿದ್ದು ಅನ್ಯಾಯ, ಆ ವಿಷಯದಲ್ಲಿ ನನ್ನ ಮನಸ್ಸು ಬದಲಾಗಲ್ಲ. ಗ್ರೆಟ್ಸ್ಕಿ ಆಮೇಲೆ ಒಂದು ಕಪ್ಪನ್ನೂ ಗೆಲ್ಲಲಿಲ್ಲ.

ಅವನು ಹೋದ್ಮೇಲೂ 1990ರಲ್ಲಿ ಗೆದ್ರಲ್ಲಾ, ಹೇಗೆ?

ಮೆಸಿಯರ್. 1989ರಲ್ಲಿ ಗ್ರೆಟ್ಸ್ಕಿಯ ಕಿಂಗ್ಸ್ ಕೈಲೇ ಮೊದಲ ಸುತ್ತಲ್ಲಿ ಸೋತಿದ್ರು, ಅದೊಂಥರಾ ಕರುಳು ಹಿಂಡೋ ಸರಣಿ. ಮುಂದಿನ ವರ್ಷ ಮೆಸಿಯರ್ ಕ್ಯಾಪ್ಟನ್ ಆಗಿ ಟೀಮನ್ನ ಎಳ್ಕೊಂಡು ಹೋದ, ಆ ಸೀಸನ್ನಿನ ಬೆಸ್ಟ್ ಪ್ಲೇಯರ್‌ಗೆ ಕೊಡೋ ಹಾರ್ಟ್ ಟ್ರೋಫಿಯೂ ಅವನಿಗೇ. ಗೋಲಲ್ಲಿ ಬಿಲ್ ರ್‍ಯಾನ್‌ಫರ್ಡ್ ಗೋಡೆ ತರ ನಿಂತ. ಫೈನಲ್ ಬಾಸ್ಟನ್ ಮೇಲೆ, ಮೊದಲ ಮ್ಯಾಚ್ ಮೂರನೇ ಓವರ್‌ಟೈಮ್‌ವರೆಗೂ ಹೋಯ್ತು. ಪೆಟ್ರ್ ಕ್ಲಿಮಾ ಅನ್ನೋನನ್ನ ಕೋಚ್ ಜಾನ್ ಮಕ್ಲರ್ ಹೆಚ್ಚು ಹೊತ್ತು ಬೆಂಚಲ್ಲೇ ಕೂರಿಸಿದ್ದ, ಎಲ್ಲರ ಕಾಲೂ ಸೋತು ಹೋಗಿದ್ದಾಗ ಅವನು ಇಳಿದು ಗೋಲ್ ಹೊಡೆದ. ಸರಣಿ 4-1.

ಆಮೇಲೆ ಒಬ್ಬೊಬ್ರೇ ಹೋದ್ರು. 1994ರಲ್ಲಿ ನ್ಯೂಯಾರ್ಕ್ ರೇಂಜರ್ಸ್ 54 ವರ್ಷ ಆದ್ಮೇಲೆ ಕಪ್ ಗೆದ್ದಾಗ ಆ ಟೀಮಲ್ಲಿ ಮೆಸಿಯರ್, ಲೋ, ಆಂಡರ್ಸನ್ ಸೇರಿ ಏಳು ಜನ ಹಳೇ ಆಯಿಲರ್ಸ್ ಇದ್ರು.

ಟೀಮೇ ಊರು ಬಿಟ್ಟು ಹೋಗೋದ್ರಲ್ಲಿತ್ತಂತೆ, ನಿಜಾನಾ?

ನಿಜ. ತೊಂಬತ್ತರ ದಶಕದಲ್ಲಿ ಕೆನಡಾದ ಡಾಲರ್ ಕುಸಿದಿತ್ತು, ಆಟಗಾರರ ಸಂಬಳ ಅಮೆರಿಕನ್ ಡಾಲರಲ್ಲಿ, ಸಣ್ಣ ಊರಿನ ಟೀಮುಗಳಿಗೆ ಉಸಿರಾಡೋಕೂ ಕಷ್ಟ. ಪಾಕ್ಲಿಂಗ್ಟನ್ ಸಾಲದಲ್ಲಿ ಮುಳುಗಿದ್ದ, ಟೀಮನ್ನ ಕೊಂಡು ಅಮೆರಿಕದ ಹ್ಯೂಸ್ಟನ್‌ಗೆ ಒಯ್ಯೋಕೆ ಒಬ್ಬ ರೆಡಿ ಇದ್ದ. 1998ರಲ್ಲಿ ಊರಿನ ಮೂವತ್ತಕ್ಕೂ ಹೆಚ್ಚು ಜನ ಬಿಸಿನೆಸ್‌ನವರು ದುಡ್ಡು ಒಟ್ಟು ಮಾಡಿ ಗಡುವು ಮುಗಿಯೋಕೆ ಮುಂಚೆ ಟೀಮನ್ನ ಕೊಂಡ್ರು. ಲಾಭ ಬರುತ್ತೆ ಅಂತ ಹಾಕಿದ ದುಡ್ಡಲ್ಲ ಅದು. ಹತ್ತು ವರ್ಷ ಅವರೇ ನಡೆಸಿ 2008ರಲ್ಲಿ ಎಡ್ಮಂಟನ್ನಿನವನೇ ಆದ ಡ್ಯಾರಿಲ್ ಕಾಟ್ಜ್‌ಗೆ ಮಾರಿದ್ರು. ಈಗಿನ ರಿಂಕ್ ರೋಜರ್ಸ್ ಪ್ಲೇಸ್, 2016ರಿಂದ.

ಆ ನಡುವೆ 2003ರ ನವೆಂಬರ್‌ನಲ್ಲಿ ಬಯಲಲ್ಲಿ, ಫುಟ್‌ಬಾಲ್ ಸ್ಟೇಡಿಯಂ ಒಳಗೆ ಐಸ್ ಹಾಸಿ ಮಾಂಟ್ರಿಯಲ್ ಜೊತೆ ಮ್ಯಾಚ್ ಆಡ್ಸಿದ್ರು, 57,167 ಜನ ಮೈನಸ್ 18ರ ಆಸುಪಾಸಿನ ಚಳೀಲಿ ಕೂತು ನೋಡಿದ್ರು. ಟೀಮ್ ಉಳಿಸ್ಕೊಂಡ ಊರು ಹಂಗೇ ಇರುತ್ತೆ.

2006 ಅಂದ್ರೆ ಹಳೇ ಫ್ಯಾನ್ಸ್ ಕಣ್ಣು ಯಾಕೆ ಒದ್ದೆ ಆಗುತ್ತೆ?

ತಮ್ಮ ವಿಭಾಗದ ಎಂಟನೇ ಸ್ಥಾನದಲ್ಲಿ ತೆವಳ್ಕೊಂಡು ಪ್ಲೇಆಫ್ ಒಳಗೆ ಬಂದ ಟೀಮು, ಟೀಮುಗಳ ಪಾಯಿಂಟ್ ಪಟ್ಟಿಯಲ್ಲಿ 124 ಇದ್ದ ಡೆಟ್ರಾಯಿಟ್‌ನ ಸೋಲಿಸ್ತು, ಸ್ಯಾನ್ ಹೋಸೆನ ಸೋಲಿಸ್ತು, ಅನಾಹೈಮ್‌ನ ಸೋಲಿಸಿ ಫೈನಲ್ಲಿಗೇ ಹೋಗಿಬಿಡ್ತು. ಎಂಟನೇ ಸ್ಥಾನದವರು ಫೈನಲ್ ತಲುಪಿದ್ದು ಅದೇ ಮೊದಲು. ಎಡ್ಮಂಟನ್ ಹುಡುಗ ಫರ್ನಾಂಡೊ ಪಿಸಾನಿ ಆ ಪ್ಲೇಆಫಲ್ಲಿ 14 ಗೋಲ್ ಹೊಡೆದ. ರಾಷ್ಟ್ರಗೀತೆ ಹಾಡ್ತಿದ್ದ ಪಾಲ್ ಲೊರಿಯೊ ಮಧ್ಯದಲ್ಲಿ ಮೈಕ್ ಮೇಲೆತ್ತಿ ಜನರ ಕಡೆ ತಿರುಗಿಸ್ತಿದ್ದ, ಇಡೀ ರಿಂಕ್ ಹಾಡ್ತಿತ್ತು, ಆ ರೆಕಾರ್ಡಿಂಗ್ ಸಿಕ್ರೆ ಹೆಡ್‌ಫೋನ್ ಹಾಕ್ಕೊಂಡು ಕೇಳಿ.

ಫೈನಲ್ಲಿನ ಮೊದಲ ಮ್ಯಾಚಲ್ಲೇ ಗೋಲ್‌ಕೀಪರ್ ಡ್ವೇನ್ ರೋಲೊಸನ್ ಮಂಡಿ ಪೆಟ್ಟಾಗಿ ಹೊರಗೆ ಹೋದ. ಆದ್ರೂ ಏಳನೇ ಮ್ಯಾಚಿಗೆ ಎಳೆದ್ರು, 3-1 ಸೋತ್ರು. ಗೆದ್ದಿದ್ದು ಯಾರು ಅಂದ್ರೆ ಕ್ಯಾರೊಲಿನಾ, ಅದೇ ಮೇಲೆ ಹೇಳಿದ ಹಾರ್ಟ್‌ಫರ್ಡ್, 1979ರಲ್ಲಿ ಜೊತೇಲಿ ಲೀಗಿಗೆ ಸೇರಿ ಊರು ಬಿಟ್ಟು ಹೋಗಿದ್ದ ಟೀಮು.

ಅದಾದ್ಮೇಲೆ ಹತ್ತು ಸೀಸನ್ ಪ್ಲೇಆಫ್ ಮುಖಾನೇ ನೋಡ್ಲಿಲ್ಲ. ಕೆಟ್ಟ ಟೀಮಿಗೆ ಡ್ರಾಫ್ಟಲ್ಲಿ ಮೊದಲ ಆಯ್ಕೆ ಸಿಗೋ ಚಾನ್ಸ್ ಜಾಸ್ತಿ, 2010ರಲ್ಲಿ ಟೇಲರ್ ಹಾಲ್, 2011ರಲ್ಲಿ ರಯಾನ್ ನ್ಯೂಜೆಂಟ್-ಹಾಪ್‌ಕಿನ್ಸ್, 2012ರಲ್ಲಿ ನೈಲ್ ಯಾಕುಪೊವ್, ಮೂರು ವರ್ಷ ಸಾಲಾಗಿ ಮೊದಲ ಆಯ್ಕೆ ಸಿಕ್ಕಿದ್ರೂ ಉದ್ಧಾರ ಆಗ್ಲಿಲ್ಲ. ಬೇಜಾರಾದ ಫ್ಯಾನ್ಸ್ ಜೆರ್ಸಿ ಬಿಚ್ಚಿ ಐಸ್ ಮೇಲೆ ಎಸೀತಿದ್ರು. ನ್ಯೂಜೆಂಟ್-ಹಾಪ್‌ಕಿನ್ಸ್ ಮಾತ್ರ ಎಲ್ಲಾ ಸಹಿಸ್ಕೊಂಡು ಉಳ್ಕೊಂಡ, ಅವನ ಮೇಲೆ ನನಗೆ ವಿಶೇಷ ಪ್ರೀತಿ.

ಕಾನರ್ ಮೆಕ್‌ಡೇವಿಡ್ ಬಗ್ಗೆ ಹೇಳಿ.

2015ರ ಏಪ್ರಿಲ್‌ನಲ್ಲಿ ಡ್ರಾಫ್ಟ್ ಲಾಟರಿ (ಮೊದಲ ಆಯ್ಕೆ ಯಾರಿಗೆ ಅಂತ ಎತ್ತೋ ಚೀಟಿ) ನಡೀತು, ಎಡ್ಮಂಟನ್‌ಗೆ ಇದ್ದ ಚಾನ್ಸ್ 11.5 ಪರ್ಸೆಂಟ್, ಅವರಿಗೇ ಬಿತ್ತು. ಹಂಗೆ ಸಿಕ್ಕವನೇ ಮೆಕ್‌ಡೇವಿಡ್. ಒಂಟಾರಿಯೊ ಹುಡುಗ, ಅವನ ಸ್ಪೀಡು ಟಿವಿಯಲ್ಲಿ ನೋಡಿದ್ರೆ ಉಳಿದವರು ನಿಂತಿದ್ದಾರೇನೋ ಅನ್ಸುತ್ತೆ, ಆ ಸ್ಪೀಡಲ್ಲೂ ಪಕ್ ಕೋಲಿಗೆ ಅಂಟಿಕೊಂಡಿರುತ್ತೆ. ಮೊದಲ ಸೀಸನ್ನಲ್ಲೇ ಕಾಲರ್ ಬೋನ್ ಮುರೀತು. 2016ರಲ್ಲಿ 19 ವರ್ಷಕ್ಕೇ ಕ್ಯಾಪ್ಟನ್, ಲೀಗಿನ ಇತಿಹಾಸದಲ್ಲೇ ಅತಿ ಚಿಕ್ಕ ವಯಸ್ಸಿನವನು. ಹಾರ್ಟ್ ಟ್ರೋಫಿ 2017, 2021, 2023 ಮೂರು ಸಲ. 2022-23ರಲ್ಲಿ 64 ಗೋಲು, 153 ಪಾಯಿಂಟು. ಈಗಿನ ಕಾಲದಲ್ಲಿ ಗೋಲ್‌ಕೀಪರ್‌ಗಳು, ಡಿಫೆನ್ಸು ಎಲ್ಲಾ ಎಂಬತ್ತರ ದಶಕಕ್ಕಿಂತ ಎಷ್ಟೋ ಬಿಗಿ, ಅದರಲ್ಲಿ 153 ಅಂದ್ರೆ ಹುಡುಗಾಟ ಅಲ್ಲ.

ಡ್ರೈಸೈಟಲ್ ಕೂಡ ಅಷ್ಟೇ ದೊಡ್ಡೋನಾ?

ಲಿಯಾನ್ ಡ್ರೈಸೈಟಲ್ ಜರ್ಮನಿಯ ಕಲೋನ್ ಊರಿನವನು, ಅಪ್ಪ ಪೀಟರ್ ಕೂಡ ಜರ್ಮನಿಗೆ ಆಡಿದವರು. 2014ರಲ್ಲಿ ಮೂರನೇ ಆಯ್ಕೆ. 2020ರಲ್ಲಿ ಹಾರ್ಟ್ ಟ್ರೋಫಿ ಗೆದ್ದ ಮೊದಲ ಜರ್ಮನ್. 2024-25ರಲ್ಲಿ 52 ಗೋಲ್ ಹೊಡೆದು ಲೀಗಿಗೇ ಫಸ್ಟ್. ಮೆಕ್‌ಡೇವಿಡ್ ಮಿಂಚು ಆದ್ರೆ ಇವನು ಹದ, ಪಕ್‌ನ ಮೈಯಿಂದ ಮುಚ್ಚಿ ನಿಂತುಬಿಟ್ರೆ ಯಾರ ಕೈಲೂ ಕಿತ್ಕೊಳ್ಳೋಕೆ ಆಗಲ್ಲ, ಉಲ್ಟಾ ಕೈಯಲ್ಲಿ ಕೊಡೋ ಪಾಸ್ ನೋಡೋದೇ ಒಂದು ಸುಖ.

2024, 2025 ಎರಡೂ ಸಲ ಫೈನಲ್ ಸೋತ್ರಲ್ಲಾ?

ಹೌದು, ಎರಡೂ ಫ್ಲೋರಿಡಾ ಪ್ಯಾಂಥರ್ಸ್ ಮೇಲೆ.

2023-24 ಸೀಸನ್ ಎಷ್ಟು ಕೆಟ್ಟದಾಗಿ ಶುರುವಾಯ್ತು ಅಂದ್ರೆ ನವೆಂಬರ್‌ನಲ್ಲೇ ಕೋಚನ್ನ ತೆಗೆದು ಕ್ರಿಸ್ ನಾಬ್ಲಾಕ್‌ನ ತಂದ್ರು, ಇವನು ಮೆಕ್‌ಡೇವಿಡ್ ಜೂನಿಯರ್ ಆಡುವಾಗಲೂ ಕೋಚ್ ಆಗಿದ್ದವನು. ಆಮೇಲೆ ಒಂದು ಹಂತದಲ್ಲಿ ಸಾಲಾಗಿ 16 ಮ್ಯಾಚ್ ಗೆದ್ರು. ಜ್ಯಾಕ್ ಹೈಮನ್ 54 ಗೋಲು. ಫೈನಲ್ಲಿಗೆ ಬಂದು ಮೊದಲ ಮೂರೂ ಮ್ಯಾಚ್ ಸೋತ್ರು, ಎಲ್ಲಾ ಮುಗೀತು ಅಂತ ನಾನೂ ಅಂದ್ಕೊಂಡೆ. ನಾಲ್ಕನೇದು 8-1, ಐದನೇದು 5-3, ಆರನೇದು 5-1. 3-3 ಸಮ!

ಏಳನೇ ಮ್ಯಾಚ್ ನಮ್ಮ ಟೈಮಿಗೆ ಜೂನ್ 25, ಬೆಳಿಗ್ಗೆ ಐದೂವರೆ. ಹೊರಗೆ ಮಳೆ, ನಾನು ಕತ್ತಲಲ್ಲೇ ಎದ್ದು ಸೌಂಡ್ ಕಮ್ಮಿ ಇಟ್ಕೊಂಡು ಕೂತಿದ್ದೆ. 2-1 ಸೋತ್ರು. ಪ್ಲೇಆಫಿನ ಬೆಸ್ಟ್ ಆಟಗಾರನಿಗೆ ಕೊಡೋ ಕಾನ್ ಸ್ಮೈತ್ ಟ್ರೋಫಿ ಸೋತ ಟೀಮಿನ ಮೆಕ್‌ಡೇವಿಡ್‌ಗೇ ಕೊಟ್ರು, 42 ಪಾಯಿಂಟು ಮಾಡಿದ್ದ. ಹೆಸರು ಕೂಗಿದ್ರು, ಅವನು ಐಸ್ ಮೇಲೆ ಬರ್ಲೇ ಇಲ್ಲ. ಕೆಲವರು ಅದನ್ನ ತಪ್ಪು ಅಂದ್ರು. ಕಪ್ ಬಿಟ್ಟು ಬೇರೇನೂ ಬೇಡವಾಗಿದ್ದ ಮನುಷ್ಯ ಅಲ್ಲಿ ಬಂದು ನಗ್ತಾ ಫೋಟೋಗೆ ನಿಲ್ಬೇಕಿತ್ತಾ? ನನಗಂತೂ ಹಂಗನ್ಸಲ್ಲ. 2025ರಲ್ಲಿ ಡ್ರೈಸೈಟಲ್ ಒಂದೇ ಪ್ಲೇಆಫಲ್ಲಿ ನಾಲ್ಕು ಓವರ್‌ಟೈಮ್ ಗೋಲ್ ಹೊಡೆದು ದಾಖಲೆ ಮಾಡಿದ, ಆದ್ರೂ ಫೈನಲ್ 4-2 ಕೈ ತಪ್ಪಿತು. ಕೆನಡಾದ ಟೀಮೊಂದು ಕೊನೇ ಸಲ ಕಪ್ ಗೆದ್ದಿದ್ದು 1993ರಲ್ಲಿ, ಮಾಂಟ್ರಿಯಲ್. ಹಂಗಾಗಿ ಆ ಎರಡು ಜೂನ್‌ನಲ್ಲೂ ಬರೀ ಎಡ್ಮಂಟನ್ ಅಲ್ಲ, ದೇಶದ ಎಷ್ಟೋ ಜನ ಕಾಯ್ತಿದ್ರು.

ನಮ್ಮ ದೇಶದ ಮೂಲದವರು ಯಾರಾದ್ರೂ ಆಡಿದ್ದಾರಾ?

ಆಡಿದ್ದಾರೆ. ಜುಝಾರ್ ಖೈರಾ, ಪಂಜಾಬಿ ಮನೆತನದವನು, ಬ್ರಿಟಿಷ್ ಕೊಲಂಬಿಯಾದ ಸರ್ರೆಯಲ್ಲಿ ಬೆಳೆದವನು, 2012ರಲ್ಲಿ ಆಯಿಲರ್ಸ್ ಮೂರನೇ ಸುತ್ತಲ್ಲಿ ಆರಿಸ್ಕೊಂಡ್ರು, 2015-16ರಿಂದ 2021ರವರೆಗೆ ಇದೇ ಟೀಮಿಗೆ ಆಡಿದ. ಅವನಿಗಿಂತ ಮುಂಚೆ ಎನ್‌ಎಚ್‌ಎಲ್ ಆಡಿದ ಭಾರತೀಯ ಮೂಲದವರು ರಾಬಿನ್ ಬಾವಾ ಮತ್ತು ಮ್ಯಾನಿ ಮಲ್ಹೋತ್ರಾ. ಕೆನಡಾದಲ್ಲಿ 2008ರಲ್ಲಿ ಪಂಜಾಬಿ ಭಾಷೇಲೇ ಹಾಕಿ ಕಾಮೆಂಟರಿ ಶುರುವಾಯ್ತು, ಆಲ್ಬರ್ಟಾದಲ್ಲೇ ಬೆಳೆದ ಹರ್ನಾರಾಯಣ್ ಸಿಂಗ್ ಅದರಿಂದಲೇ ಹೆಸರು ಮಾಡಿದ್ದು. ಕನ್ನಡದಲ್ಲೂ ಒಂದು ಮ್ಯಾಚಿಗಾದ್ರೂ ಕಾಮೆಂಟರಿ ಕೇಳ್ಬೇಕು ಅಂತ ನನಗೆ ತುಂಬಾ ಆಸೆ.

ಜೋಯಿ ಮಾಸ್ ಯಾರು? ಆಟಗಾರನಾ?

ಆಟಗಾರ ಅಲ್ಲ. ಡೌನ್ ಸಿಂಡ್ರೋಮ್ ಇದ್ದ ಎಡ್ಮಂಟನ್ ಹುಡುಗ. ಎಂಬತ್ತರ ದಶಕದಲ್ಲಿ ಗ್ರೆಟ್ಸ್ಕಿ ಹೇಳಿ ಡ್ರೆಸ್ಸಿಂಗ್ ರೂಮಲ್ಲಿ ಕೆಲಸ ಕೊಡಿಸಿದ, ಟವೆಲ್, ನೀರು, ಸಾಮಾನು ಎಲ್ಲಾ ನೋಡ್ಕೊಳ್ಳೋದು. ಗ್ರೆಟ್ಸ್ಕಿ ಹೋದ, ಓನರ್‌ಗಳು ಬದಲಾದ್ರು, ಜೋಯಿ ಮೂರು ದಶಕಕ್ಕೂ ಹೆಚ್ಚು ಕಾಲ ಅಲ್ಲೇ ಇದ್ದ. ರಾಷ್ಟ್ರಗೀತೆ ಬಂದ್ರೆ ಎಲ್ಲರಿಗಿಂತ ಜೋರಾಗಿ, ಕಣ್ಣು ಮುಚ್ಚಿ ಹಾಡ್ತಿದ್ದ. 2020ರ ಅಕ್ಟೋಬರ್‌ನಲ್ಲಿ ತೀರಿಕೊಂಡ. ಈಗ ಟೀಮ್ ಗೆದ್ದಾಗ ಅವನ ನೆನಪಿಗೆ ಲಾ ಬಾಂಬಾ ಹಾಡು ಹಾಕ್ತಾರೆ.

ರಿಂಕಲ್ಲಿ ಮೇಲೆ ನೇತು ಹಾಕಿರೋ ಜೆರ್ಸಿ ನಂಬರುಗಳು ಯಾರ್ದು?

3 ಆಲ್ ಹ್ಯಾಮಿಲ್ಟನ್ (ಡಬ್ಲ್ಯೂಎಚ್‌ಎ ಕಾಲದವನು), 4 ಲೋ, 7 ಕಾಫಿ, 9 ಆಂಡರ್ಸನ್, 11 ಮೆಸಿಯರ್, 17 ಕುರ್ರಿ, 31 ಫ್ಯೂರ್, 99 ಗ್ರೆಟ್ಸ್ಕಿ. ಈ ನಂಬರು ಆಯಿಲರ್ಸಲ್ಲಿ ಇನ್ಯಾರಿಗೂ ಕೊಡಲ್ಲ. 99 ಅಂತೂ ಇಡೀ ಲೀಗಲ್ಲೇ ಯಾರೂ ಹಾಕೋ ಹಾಗಿಲ್ಲ.

ಇಲ್ಲಿಂದ ನೋಡೋದಾದ್ರೆ ಯಾವ ಟೈಮಿಗೆ?

ಸೀಸನ್ ಅಕ್ಟೋಬರ್‌ನಲ್ಲಿ ಶುರು, ಫೈನಲ್ ಜೂನ್‌ನಲ್ಲಿ. ಎಡ್ಮಂಟನ್ನಲ್ಲಿ ಸಂಜೆ ಏಳಕ್ಕೆ ಮ್ಯಾಚ್ ಇದ್ರೆ ನಮಗೆ ಮಾರನೇ ದಿನ ಬೆಳಿಗ್ಗೆ ಆರೂವರೆ, ಚಳಿಗಾಲದಲ್ಲಿ ಅವರು ಗಡಿಯಾರ ಹಿಂದಕ್ಕೆ ತಿರುಗಿಸೋದ್ರಿಂದ ಏಳೂವರೆ. ಹೊಸದಾಗಿ ನೋಡೋರು ಅಲ್ಲಿನ ಶನಿವಾರದ ಮ್ಯಾಚಿಂದ ಶುರು ಮಾಡಿ, ನಮಗೆ ಭಾನುವಾರ ಬೆಳಿಗ್ಗೆ ಆಗುತ್ತೆ, ಆಫೀಸು ಸ್ಕೂಲು ಗಡಿಬಿಡಿ ಇರಲ್ಲ. ಎರಡು ಪೀರಿಯಡ್ ನಡುವೆ ಸುಮಾರು 18 ನಿಮಿಷ ಬ್ರೇಕ್ ಇರುತ್ತೆ, ದೋಸೆ ಹಿಟ್ಟು ರೆಡಿ ಇದ್ರೆ ಮನೆಯವರಿಗೆಲ್ಲಾ ಎರಡೆರಡು ಹಾಕಿಕೊಟ್ಟು ವಾಪಸ್ ಬಂದು ಕೂರ್ಬಹುದು.